ಬಿಸಿಲಿಗೆ ಮೈಯೊಡ್ಡಿದ ಗೆಡ್ಡೆ

ಗಿಡವೊಂದು ಸೊರಗಿತೆಂದರೆ ನಮ್ಮ ಕೈ ಮೊದಲು ಹೋಗುವುದು ನೀರಿನ ಕೊಡಕ್ಕೆ, ಆಮೇಲೆ ಗೊಬ್ಬರದ ಬುಟ್ಟಿಗೆ. ಈ ವಾತ್ಸಲ್ಯವೇ ಮೃತ್ಯುವಾಗುವ ಗಿಡವೂ ಒಂದುಂಟು. ಅದು ಪಾಶ್ಚಾತ್ಯರ ತೋಟಗಳ ಗಡ್ಡದ ಐರಿಸ್. ಗ್ರೀಕರ ಕಾಮನಬಿಲ್ಲಿನ ದೇವತೆಯ ಹೆಸರೇ ಈ ಹೂವಿಗೆ ಬಂದಿದೆ. ಇದರ ಆರು ಎಸಳುಗಳಲ್ಲಿ ಮೂರು ಮೇಲಕ್ಕೆ ನಿಲ್ಲುತ್ತವೆ, ಮೂರು ಕೆಳಕ್ಕೆ ಬಾಗುತ್ತವೆ. ಬಾಗಿದ ಎಸಳಿನ ಮೇಲೆ ಮೃದುವಾದ ರೋಮಗಳ ಸಾಲಿರುವುದರಿಂದ ಗಡ್ಡದ ಹೆಸರು.

ಈ ಗಿಡದ ಸ್ವಭಾವವನ್ನು ಅರಿತವರಲ್ಲಿ ಇಬ್ಬರು ಪಾಠ ಹೇಳುವವರಾಗಿದ್ದರೆಂಬುದು ನನ್ನಂಥ ಉಪಾಧ್ಯಾಯರಿಗೆ ಸಂತೋಷದ ಸಂಗತಿ. ಮೊದಲನೆಯವರು ಸರ್ ಮೈಕೇಲ್ ಫಾಸ್ಟರ್. 1883ರಲ್ಲಿ ಕೇಂಬ್ರಿಜ್‌ನಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಥಮ ಪ್ರಾಧ್ಯಾಪಕರಾದವರು. ತುರ್ಕಿಯಲ್ಲಿದ್ದ ಮಿಷನರಿಗಳ ಮೂಲಕ ಐರಿಸ್ ಗೆಡ್ಡೆಗಳನ್ನು ತರಿಸಿ, ಸುಣ್ಣದಂಶದ ದಿಬ್ಬದ ಮೇಲಿದ್ದ ತಮ್ಮ ತೋಟದಲ್ಲಿ ಬೆಳೆಸಿದರು. ಅಮಾಸ್ಯ ಎಂಬ ಊರಿನ ಕಡೆಯದರ ಹೂವು ಬಹಳ ದೊಡ್ಡದು. ಹಳೆಯ ತೋಟದ ತಳಿಗಳಲ್ಲಿ ಸಾಮಾನ್ಯವಾಗಿ 24 ವರ್ಣತಂತುಗಳಿದ್ದರೆ ಇದರಲ್ಲಿ 48 ಇವೆಯೆಂದು ಮುಂದೆ ತಿಳಿಯಿತು. ಇಂದಿನ ದೊಡ್ಡ ಐರಿಸ್‌ಗಳ ಪೂರ್ವಿಕರಲ್ಲಿ ಇದೂ ಸೇರಿದೆ.

ಫಾಸ್ಟರರು 1907ರಲ್ಲಿ ಕಾಲವಾದರು. ಅವರ ಟಿಪ್ಪಣಿಗಳು ಚಾರ್ಟರ್‌ಹೌಸ್ ಶಾಲೆಯ ಉಪಾಧ್ಯಾಯ ವಿಲಿಯಂ ಡೈಕ್ಸರ ಕೈ ಸೇರಿದವು. ಡೈಕ್ಸರು ಐರಿಸ್ ಕುಲವನ್ನೆಲ್ಲ ವಿವರಿಸುವ ಮಹಾಗ್ರಂಥವನ್ನು 1913ರಲ್ಲಿ ಹೊರತಂದರು. ಅದಕ್ಕೆ ಬಣ್ಣದ ಚಿತ್ರಗಳನ್ನು ಬರೆದ ಎಫ್. ಎಚ್. ರೌಂಡರು ಅದೇ ಶಾಲೆಯ ಚಿತ್ರಕಲೆಯ ಮೇಷ್ಟ್ರು!

ಗಿಡದ ತೌರೂರನ್ನು ಬಲ್ಲವನಿಗೆ ಅದರ ಆರೈಕೆ ಕಷ್ಟವಲ್ಲ. ಅಲ್ಲಿ ಚಳಿಗಾಲದಲ್ಲಿ ಕಡು ಚಳಿ, ಬೇಸಗೆಯಲ್ಲಿ ಒಣ ಬಿಸಿಲು. ಇದರ ಗೆಡ್ಡೆ ಶುಂಠಿಯಂತೆ ಅಡ್ಡಲಾಗಿ ಹರಡುತ್ತದೆ. ಆದರೆ ಶುಂಠಿಗೆ ಮಣ್ಣೇರಿಸುವಂತೆ ಇದಕ್ಕೆ ಏರಿಸಿದಿರೋ, ಕೆಟ್ಟಿತು! ಬೇರು ಮಣ್ಣಿನೊಳಗೆ, ಗೆಡ್ಡೆಯ ಬೆನ್ನು ಬಿಸಿಲಿಗೆ: ಇದೇ ಸೂತ್ರ. ನೀರು ನಿಲ್ಲಬಾರದು, ಹಸಿಗೊಬ್ಬರ ಸೋಕಬಾರದು. ಇಲ್ಲವಾದರೆ ಗೆಡ್ಡೆ ಮೆತ್ತಗಾಗಿ ದುರ್ಗಂಧ ಬರುತ್ತದೆ. ಆಗ ಕೊಳೆತ ಭಾಗವನ್ನು ಕತ್ತರಿಸಿ ತೆಗೆದು, ಉಳಿದುದನ್ನು ಬಿಸಿಲಿನಲ್ಲಿ ಒಣಗಿಸಬೇಕು. ಗೆಡ್ಡೆಗಳು ಒತ್ತಾದರೆ ಹೂವು ಕಡಿಮೆಯಾಗುತ್ತದೆ. ಮೂರು ನಾಲ್ಕು ವರ್ಷಕ್ಕೊಮ್ಮೆ, ಹೂವಿನ ಕಾಲ ಮುಗಿದ ಮೇಲೆ, ಬಿಡಿಸಿ ಹೊಸದಾಗಿ ನೆಡಬೇಕು.

1925ರಲ್ಲಿ ಡೈಕ್ಸರು ಮೋಟಾರು ಅಪಘಾತಕ್ಕೀಡಾಗಿ ತೀರಿಕೊಂಡರು. ಅವರ ತೋಟದ ಸಸಿಯೊಂದು ಬಿಟ್ಟ ದೊಡ್ಡ ಹಳದಿ ಹೂವಿಗೆ ಅವರ ಹೆಸರನ್ನೇ ಇಟ್ಟರು. ಅಮೆರಿಕದ ಐರಿಸ್ ಸಂಘ ಶ್ರೇಷ್ಠ ತಳಿಗೆ ಕೊಡುವ ಪದಕವೂ ಇಂದಿಗೂ ಅವರ ಹೆಸರಿನದೇ.

ನಮ್ಮ ಬಯಲುಸೀಮೆಯ ಊರುಗಳಲ್ಲಿ ಚಳಿ ಸಾಲದು. ಆದ್ದರಿಂದ ಈ ಹೂವು ಇಲ್ಲಿ ಸುಲಭವಾಗಿ ಅರಳದು. ಆದರೆ ಅದು ಕಲಿಸುವ ಪಾಠ ನಿಮ್ಮ ಮನೆಯ ಅಂಗಳಕ್ಕೂ ಸಲ್ಲುತ್ತದೆ. ಕೊಡ ಎತ್ತುವ ಮುನ್ನ ಒಂದು ಮಾತು ಕೇಳಿಕೊಳ್ಳಿರಿ: ಈ ಗಿಡದ ತೌರುಮನೆ ಯಾವುದು?