ರಾಗಿಹೊಲದ ಕಾವಲು

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಿಕುಠಾರವು ಚಾಮರಾಜನಗರವಾಯಿತು. ಹೆಸರು ಬದಲಾದರೂ ರೈತನ ಬಾಳು ಬದಲಾಗಲಿಲ್ಲ. ಮುಂಗಾರಿನಲ್ಲಿ ಬಿತ್ತಿದ ರಾಗಿ ತೆನೆಗಟ್ಟಿತೆಂದರೆ ಕಾಡಾನೆಗಳು ಬಿಳಿಗಿರಿಯ ತಪ್ಪಲಿನಿಂದ ಇಳಿದುಬರುವುವು. ಮಾಗಿಯ ಚಳಿಯಲ್ಲಿ ಅಟ್ಟಣೆಯೇರಿ, ಬೆಂಕಿಯುರಿಸಿ, ತಮಟೆ ಬಡಿದು ಬೆಳಗು ಮಾಡಬೇಕು. ವರ್ಷದ ಮುದ್ದೆ ಒಂದೇ ರಾತ್ರಿಗೆ ಮಣ್ಣುಪಾಲಾಗುವ ಭಯ!

1874ರಲ್ಲಿ ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿಯು ಈ ಸೀಮೆಯಲ್ಲಿ ಖೆಡ್ಡ ಹೂಡಿ ಆನೆಯ ಹಿಂಡನ್ನೇ ಹಿಡಿದನು. ಖೆಡ್ಡದ ವೈಭವವನ್ನು ಬಣ್ಣಿಸುವವರು ನಿದ್ದೆಗೆಟ್ಟ ಆ ಕಾವಲುಗಾರನನ್ನು ಮರೆಯುವುದೇ ಹೆಚ್ಚು. 1973ರಲ್ಲಿ ಬಂಡೀಪುರವು ಹುಲಿ ಯೋಜನೆಗೆ ಸೇರಿತು. ಖೆಡ್ಡದ ಕಾಲ ಅಷ್ಟರಲ್ಲಿ ಮುಗಿದಿತ್ತು.

ಗುಂಡ್ಲುಪೇಟೆಯ ಕಡೆ ಈಗ ಓಣಂ ಹೊತ್ತಿಗೆ ಚೆಂಡುಹೂವು ಅರಳಿ ಕೇರಳಕ್ಕೆ ಹೋಗುತ್ತದೆ. ಅರಿಸಿನವೂ ಉಂಟು, ಆನೆಗೆ ಅದು ರುಚಿಸದು. ರಾಗಿ ಬಿತ್ತಿದವನು ಮಾತ್ರ ಇಂದಿಗೂ ಅಟ್ಟಣೆ ಕಟ್ಟುತ್ತಾನೆ.