ಒಂದು ಬಲ್ಬಿನ ಪ್ರಶ್ನೆ

1996ರ ಚಳಿಗಾಲದಲ್ಲಿ ನನ್ನ ಮಗಳು ದಿನ ತುಂಬುವ ಮೊದಲೇ ಹುಟ್ಟಿದಳು. ಪಟ್ಟನಾಯಕನಹಳ್ಳಿಯ ನನಗೆ ಆಗ ಬೇರೊಂದು ಊರಿನಲ್ಲಿ ಮೇಷ್ಟ್ರ ಕೆಲಸ. ಅಲ್ಲಿಯ ಆಸ್ಪತ್ರೆಯಲ್ಲಿ ಕೂಸನ್ನು ಬೆಚ್ಚಗಿಡುವ ಯಂತ್ರವೇನೋ ಇತ್ತು, ಅದರ ಮೇಲೆ ಬಟ್ಟೆ ಹೊದಿಸಿತ್ತು. "ಬಲ್ಬು ಹೋಗಿ ಮೂರು ತಿಂಗಳಾಯ್ತು ಕಣಮ್ಮ, ಬರೆದು ಕಳಿಸಿದೀವಿ" ಎಂದರು ನರ್ಸಮ್ಮ. ಊರಿಂದ ಬಂದಿದ್ದ ಅತ್ತೆ ಕೂಸನ್ನು ಎದೆಗವಚಿಕೊಂಡು, ಕರಿ ಕಂಬಳಿ ಹೊದ್ದು ಬೆಳಗು ಮಾಡಿದರು. ಕೂಸು ಉಳಿಯಿತು. ಅತ್ತೆ ಕೇಳಿದ್ದು ಒಂದೇ ಮಾತು: "ಅಷ್ಟು ದುಡ್ಡು ಕೊಟ್ಟು ತಂದೋರ್ಗೆ ಒಂದು ಬಲ್ಬು ತರಾಕಾಗ್ಲಿಲ್ವೇನವ್ವ?"

ಆಸ್ಪತ್ರೆಗಳು ಸಲಕರಣೆ ಕೊಳ್ಳುವ ಚರಿತ್ರೆಯೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ. ಅದೇ 1996ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕ ಆರೋಗ್ಯ ವ್ಯವಸ್ಥೆ ಅಭಿವೃದ್ಧಿ ಯೋಜನೆ ಆರಂಭವಾಗಿ, 2004ರವರೆಗೆ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಿಗೆ ಕಟ್ಟಡ, ಸಲಕರಣೆಗಳು ಬಂದವು. ನಡುವೆ 1999ರಲ್ಲಿ ಸಾರ್ವಜನಿಕ ಖರೀದಿಯ ಪಾರದರ್ಶಕತೆಗಾಗಿ ರಾಜ್ಯದ ಕಾಯ್ದೆ ಬಂತು. ನಿಗದಿತ ಮೊತ್ತ ಮೀರಿದರೆ ಟೆಂಡರ್ ಕರೆಯಬೇಕು. ಕೇಳಿದ ಗುಣಲಕ್ಷಣಗಳಿಗೆ ಹೊಂದಿದವರಲ್ಲಿ ಕಡಿಮೆ ದರದವರಿಗೆ ಆದೇಶ. ಒಳಗಿಂದೊಳಗಿನ ವ್ಯವಹಾರಕ್ಕೆ ಇದು ಕಡಿವಾಣವೇ ಸರಿ. ಆದರೆ ಕಡಿಮೆ ದರವೆಂದರೆ ತರುವ ದಿನದ ದರವೋ, ಹತ್ತು ವರ್ಷ ನಡೆಸುವ ದರವೋ? ಬಿಡಿಭಾಗ, ರಿಪೇರಿ, ತರಬೇತಿ ಇವೆಲ್ಲ ಟೆಂಡರ್ ಕಾಗದದಲ್ಲೇ ಬರೆದಿರದಿದ್ದರೆ ಆಮೇಲೆ ಯಾರೂ ಹೊಣೆಯಲ್ಲ.

ನಾವು ಶಿರಾ ಪೇಟೆಯಲ್ಲಿ ಒಂದು ಗ್ರೈಂಡರ್ ಕೊಳ್ಳುವಾಗಲೂ "ಕೆಟ್ಟರೆ ಮಾಡಿಕೊಡೋರು ಇಲ್ಲೇ ಇದಾರಾ?" ಎಂದು ಕೇಳದೆ ದುಡ್ಡು ಬಿಚ್ಚುವುದಿಲ್ಲ. ಸರ್ಕಾರ ಈ ಲೆಕ್ಕವನ್ನು ದೇಶದ ಮಟ್ಟದಲ್ಲಿ ಹಾಕುವ ಹೊತ್ತಿಗೆ 2015 ಬಂದಿತ್ತು. 29 ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಸಲಕರಣೆಗಳನ್ನು ಎಣಿಸಿದಾಗ, ರಾಜ್ಯದಿಂದ ರಾಜ್ಯಕ್ಕೆ ಶೇ. 13ರಿಂದ 34ರಷ್ಟು ಕೆಟ್ಟು ಕೂತಿದ್ದವು. ಆಗ ರಿಪೇರಿಗೆಂದೇ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು.

ದೊಡ್ಡ ಯಂತ್ರಗಳ ಖರೀದಿ ಮೇಲಿನಿಂದಲೇ ಆಗುವಂಥದು. ಆದರೆ 2005ರ ಗ್ರಾಮೀಣ ಆರೋಗ್ಯ ಅಭಿಯಾನದ ನಂತರ ಆಸ್ಪತ್ರೆಗೊಂದು ಆರೋಗ್ಯ ರಕ್ಷಾ ಸಮಿತಿ, ಅದರ ಕೈಯಲ್ಲಿ ಸಣ್ಣಪುಟ್ಟ ಅಗತ್ಯಕ್ಕೆಂದು ಸ್ವಲ್ಪ ಹಣ ಇದೆ. ಬಲ್ಬಿನಂಥದ್ದಕ್ಕೆ ರಾಜಧಾನಿಯ ದಾರಿ ಕಾಯಬೇಕಿಲ್ಲ. ಸಮಿತಿಯಲ್ಲಿ ನಿಮಗೆ ಗೊತ್ತಿರುವವರಿದ್ದರೆ ಒಂದು ಮಾತು ಕೇಳಿ ನೋಡಿ: ಹೊಸದನ್ನು ತರಿಸುವ ಮೊದಲು, ರಾತ್ರಿ ಪಾಳಿಯ ನರ್ಸಮ್ಮನನ್ನು ಕೇಳಿದಿರಾ?