ಕವಲಿನ ದಿಕ್ಕು

ಜೀವಕೋಶವೊಂದು ಎರಡಾಗುವ ಮುನ್ನ ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳುವ ಕ್ರಿಯೆಗೆ ಸ್ವಪ್ರತೀಕರಣ ಎಂದು ಹೆಸರು. ಹೀಗೆ ಹುಟ್ಟುವ ಪ್ರತಿಯೊಂದು ಅಣುವಿನಲ್ಲೂ ಒಂದು ಎಳೆ ಹಳೆಯದು, ಇನ್ನೊಂದು ಹೊಸದು ಎಂಬುದನ್ನು 1958ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ತೋರಿಸಿಕೊಟ್ಟಿದ್ದರಾದರೂ, ಅವರು ಅಳೆದದ್ದು ಕೊಳವೆಯೊಳಗಿನ ಅಸಂಖ್ಯ ಅಣುಗಳ ಸಾಂದ್ರತೆಯನ್ನೇ ಹೊರತು ಯಾವುದೇ ಒಂದು ಅಣುವನ್ನಲ್ಲ. ನಕಲಾಗುತ್ತಿರುವ ಒಂದೇ ಅಣುವನ್ನು ಇಡಿಯಾಗಿ ಕಣ್ಣಿಗೆ ಕಾಣಿಸಿದ ಕೀರ್ತಿ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿದ್ದ ಜಾನ್ ಕೇರ್ನ್ಸ್ ಅವರದು.

ಇ. ಕೋಲಿ ಬ್ಯಾಕ್ಟೀರಿಯಾದ ಉದ್ದ ಸುಮಾರು 2 ಮೈಕ್ರೋಮೀಟರ್. ಅದರೊಳಗೆ ಮಡಿಚಿಕೊಂಡಿರುವ ಡಿಎನ್‌ಎಯ ಉದ್ದ ಒಂದು ಮಿಲಿಮೀಟರಿಗಿಂತ ಹೆಚ್ಚು. ದ್ರಾವಣವನ್ನು ಪಿಪೆಟ್ಟಿನಲ್ಲಿ ರಭಸವಾಗಿ ಎಳೆದರೂ ತುಂಡಾಗುವಷ್ಟು ಸೂಕ್ಷ್ಮವಾದ ಈ ನೂಲನ್ನು ಹೊರತೆಗೆಯುವುದೇ ನಿಜವಾದ ಸವಾಲಾಗಿತ್ತು. ಡಿಎನ್‌ಎಗೆ ಮಾತ್ರ ಸೇರುವ ಥೈಮಿಡಿನ್ ಎಂಬ ಘಟಕವನ್ನು ಟ್ರಿಟಿಯಂ, ಅಂದರೆ ವಿಕಿರಣಶೀಲ ಹೈಡ್ರೋಜನ್, ಬೆರೆಸಿ ಬ್ಯಾಕ್ಟೀರಿಯಾಗಳಿಗೆ ಉಣಿಸಿದ ಕೇರ್ನ್ಸ್, ಅವುಗಳ ಕೋಶಭಿತ್ತಿಯನ್ನು ಅಲುಗಾಟವಿಲ್ಲದೆ ಕರಗಿಸಿ, ದ್ರವವನ್ನು ಮೆಲ್ಲನೆ ಬಸಿದುಹೋಗಲು ಬಿಟ್ಟು, ನೂಲುಗಳು ತೆಳುಪೊರೆಯ ಮೇಲೆ ತಾವಾಗಿಯೇ ಚಾಚಿ ಅಂಟಿಕೊಳ್ಳುವಂತೆ ಮಾಡಿದರು. ಅದರ ಮೇಲೆ ಛಾಯಾಗ್ರಹಣದ ಫಿಲ್ಮ್ ಹೊದಿಸಿ ಸುಮಾರು ಎರಡು ತಿಂಗಳು ಕತ್ತಲಲ್ಲಿಟ್ಟಾಗ, ಟ್ರಿಟಿಯಂ ಹೊಮ್ಮಿಸಿದ ಕಣಗಳು ಒಂದು ಮೈಕ್ರೋಮೀಟರಿನಷ್ಟು ದೂರವನ್ನಷ್ಟೇ ಕ್ರಮಿಸುವುದರಿಂದ, ಬೆಳ್ಳಿಯ ಕಪ್ಪುಚುಕ್ಕೆಗಳು ನೂಲಿನ ಜಾಡನ್ನು ಬಿಡದೆ ಸಾಲುಗಟ್ಟಿದವು.

1963ರಲ್ಲಿ ಪ್ರಕಟವಾದ ಆ ಚಿತ್ರದಲ್ಲಿ ಕಂಡದ್ದು ತುದಿಯಿಲ್ಲದ ಒಂದು ಉಂಗುರ, ಅದರ ಎರಡು ಕಡೆ ನೂಲು ಇಬ್ಭಾಗವಾಗುವ ಕವಲುಗಳು. ಎರಡೂ ಎಳೆಗಳಲ್ಲಿ ಟ್ರಿಟಿಯಂ ಸೇರಿದ್ದ ಭಾಗದಲ್ಲಿ ಚುಕ್ಕೆಗಳು ಇಮ್ಮಡಿ ದಟ್ಟವಾಗಿದ್ದವು. ಕೇರ್ನ್ಸ್ ಒಂದು ಕವಲಿನಲ್ಲಿ ಮಾತ್ರ ನಕಲು ಸಾಗುತ್ತದೆ, ಇನ್ನೊಂದು ನೂಲಿನ ತಿರುಚು ಬಿಡಿಸುವ ತಿರುಗಣೆಯಂಥ ಜಾಗ ಎಂದು ಬಗೆದರು. ಇದನ್ನು ಅಜಾಗರೂಕತೆ ಎನ್ನಲಾಗದು. ನಿಂತ ಚಿತ್ರವು ಕವಲು ಎಲ್ಲಿದೆ ಎಂದು ಹೇಳಬಲ್ಲದೇ ವಿನಾ ಅದು ಎತ್ತ ಸಾಗುತ್ತಿತ್ತು ಎಂದು ಹೇಳಲಾರದು. ದಿಕ್ಕು ತಿಳಿಯಬೇಕಾದರೆ ಕಾಲದ ಗುರುತನ್ನೇ ನೂಲಿನೊಳಗೆ ಬರೆಯಬೇಕಿತ್ತು.

1968ರಲ್ಲಿ ಹ್ಯೂಬರ್‌ಮನ್ ಮತ್ತು ರಿಗ್ಸ್ ಚೀನೀ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಕೋಶಗಳಲ್ಲಿ ಮಾಡಿದ್ದು ಅದನ್ನೇ. ವಿಕಿರಣಶೀಲ ಥೈಮಿಡಿನ್ ಕೊಟ್ಟು, ಬಳಿಕ ಅದನ್ನು ಸಾಧಾರಣ ಥೈಮಿಡಿನ್‌ನಿಂದ ತೆಳುವಾಗಿಸಿದಾಗ, ಚುಕ್ಕೆಸಾಲಿನ ಎರಡೂ ತುದಿಗಳು ಕ್ರಮೇಣ ವಿರಳವಾಗುತ್ತ ಬಾಲದಂತೆ ಮುಗಿದವು; ಅಂದರೆ ಒಂದೇ ಮೂಲದಿಂದ ಹೊರಟ ಎರಡು ಕವಲುಗಳು ಪರಸ್ಪರ ದೂರ ಸರಿದಿದ್ದವು. ಪ್ರೆಸ್ಕಾಟ್ ಮತ್ತು ಕ್ಯೂಂಪೆಲ್ 1972ರಲ್ಲಿ ಇ. ಕೋಲಿಯ ಚುಕ್ಕೆಸಾಲುಗಳಲ್ಲೂ ಇದನ್ನೇ ಕಂಡಾಗ, ಕೇರ್ನ್ಸ್ ತಿರುಗಣೆ ಎಂದು ತಿಳಿದದ್ದೂ ದುಡಿಯುವ ಕವಲೇ ಎಂಬುದು ಖಚಿತವಾಯಿತು.

ತಿಂಗಳುಗಟ್ಟಲೆ ಕಾಯುವ ಕಷ್ಟ ನೀಗಿದ್ದು ಬಣ್ಣಗಳಿಂದ. ಪ್ಯಾರಿಸ್ಸಿನಲ್ಲಿ ಬೆನ್ಸಿಮೋನ್ ಮತ್ತು ಸಂಗಡಿಗರು 1994ರಲ್ಲಿ ವಿವರಿಸಿದ ಬಾಚುವ ವಿಧಾನದಲ್ಲಿ, ಒಂದು ತುದಿ ಗಾಜಿಗೆ ಅಂಟಿದ ಅಣುವನ್ನು ಹಿಂಜರಿಯುವ ನೀರಿನ ಅಂಚು ನೇರವಾಗಿ ಎಳೆದು ಮಲಗಿಸುತ್ತದೆ. ಥೈಮಿಡಿನ್‌ನ ಎರಡು ಬದಲಿಗಳನ್ನು ಒಂದಾದ ಮೇಲೊಂದರಂತೆ ಕೋಶಕ್ಕೆ ಕೊಟ್ಟು, ಹೊಳೆಯುವ ಪ್ರತಿಕಾಯಗಳಿಂದ ಮೊದಲನೆಯದನ್ನು ಕೆಂಪಾಗಿಯೂ ಎರಡನೆಯದನ್ನು ಹಸಿರಾಗಿಯೂ ಗುರುತಿಸಿದರೆ, ಕೆಂಪಿನಿಂದ ಹಸಿರಿನತ್ತ ಹೋಗುವುದೇ ಕವಲಿನ ದಾರಿ; ಕೆಂಪು ಮುಗಿದಲ್ಲಿ ಹಸಿರು ಮೊದಲಾಗದಿದ್ದರೆ, ಅಲ್ಲಿ ಕವಲು ನಿಂತುಹೋಗಿರಬಹುದು, ಇಲ್ಲವೇ ಎದುರಿನಿಂದ ಬಂದ ಕವಲಿನೊಡನೆ ಕೂಡಿಕೊಂಡಿರಬಹುದು.